ಹಳೇ ಕಂಪ್ಯೂಟರಿನ ಫೋಟೋಗಳನ್ನು ಯುಎಸ್‌ಬಿ ಡ್ರೈವ್‌ನಲ್ಲಿ ಹೊಸದಕ್ಕೆ ಸಾಗಿಸುವುದು ಹೇಗೆ?

ನಮ್ಮ ಬಳಗದಲ್ಲಿ ಯಾರೇ ಹೊಸ ಲ್ಯಾಪ್‌ಟಾಪ್ ಕೊಂಡರೂ ಫೋನ್ ಬರುವುದು ನನಗೇ. "ಫೋಟೋ ಎಲ್ಲಾ ಹಳೇದರಲ್ಲೇ ಇದೆ ಕಣೋ, ಒಂಚೂರು ಬಂದು ಹಾಕಿಕೊಡು" ಅಂತ. ಈ ಒಂಚೂರು ಕೆಲಸಕ್ಕೆ ಅರ್ಧ ದಿನ ಬೇಕು. ಕಾಪಿ ಮಾಡುವುದಕ್ಕಲ್ಲ, ಅದನ್ನು ಕಂಪ್ಯೂಟರೇ ಮಾಡಿಕೊಳ್ಳುತ್ತದೆ. ಕಾಪಿಗೆ ಮುಂಚೆ ಫೋಟೋ ಎಲ್ಲೆಲ್ಲಿ ಸೇರಿಕೊಂಡಿದೆ ಅಂತ ಹುಡುಕುವುದಕ್ಕೆ, ಕಾಪಿ ಆದ ಮೇಲೆ ಎಲ್ಲಾ ಬಂದಿದೆಯಾ ಅಂತ ನೋಡುವುದಕ್ಕೆ. ಈ ಎರಡನ್ನೂ ಬಿಟ್ಟು ನಡುವಿನದನ್ನು ಮಾತ್ರ ಮಾಡುವವರೇ ಜಾಸ್ತಿ. ಆರು ತಿಂಗಳಾದ ಮೇಲೆ "ಮಗೂದು ಮೊದಲನೇ ವರ್ಷದ್ದು ಒಂದೂ ಇಲ್ಲವಲ್ಲ" ಅಂತ ಹುಡುಕಾಡುವವರೂ ಅವರೇ.

ನೆಟ್‌ನಲ್ಲೇ ಕಳಿಸಬಹುದಲ್ವಾ ಅಂತ ನೀವು ಕೇಳಬಹುದು. ನಾಲ್ಕಾರು ಫೋಟೋ ಆದರೆ ಸರಿ. 200 ಜಿಬಿ ಇದ್ದರೆ ಲೆಕ್ಕ ಹಾಕಿ ನೋಡಿ: ಅಪ್‌ಲೋಡ್ ವೇಗ 20 ಎಂಬಿಪಿಎಸ್ (ಅಂದರೆ ಸೆಕೆಂಡಿಗೆ 20 ಮೆಗಾಬಿಟ್, ಎರಡೂವರೆ ಎಂಬಿ) ಅಂದರೂ ಹತ್ತಿರ ಹತ್ತಿರ 22 ಗಂಟೆ ಬೇಕು, ಆಮೇಲೆ ಆ ಕಡೆ ಇಳಿಸಿಕೊಳ್ಳುವ ಹೊತ್ತು ಬೇರೆ. ಸೆಕೆಂಡಿಗೆ 100 ಎಂಬಿ ಬರೆಯುವ ಸಾಧಾರಣ ಹಾರ್ಡ್‌ಡಿಸ್ಕಿಗೆ ಅದೇ 200 ಜಿಬಿ ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆಯ ಕೆಲಸ. ವಾಟ್ಸಾಪ್ ಮಾತಂತೂ ಎತ್ತಲೇಬೇಡಿ. ಅದು ಫೋಟೋವನ್ನು ಕುಗ್ಗಿಸುತ್ತದೆ, ತೆಗೆದ ದಿನಾಂಕದ ವಿವರವನ್ನೂ ಕಿತ್ತು ಹಾಕುತ್ತದೆ.

ಮೊದಲು ಹುಡುಕಾಟ

"ಎಲ್ಲಾ ಪಿಕ್ಚರ್ಸ್ ಫೋಲ್ಡರಿನಲ್ಲೇ ಇದೆ" ಅಂತ ಯಾರು ಹೇಳಿದರೂ ನಾನು ನಂಬುವುದಿಲ್ಲ. ಡೆಸ್ಕ್‌ಟಾಪ್ ಮೇಲೆ ಒಂದಿಷ್ಟು, ಡೌನ್‌ಲೋಡ್ಸ್‌ನಲ್ಲಿ ಒಂದಿಷ್ಟು, ಡಿ ಡ್ರೈವ್‌ನಲ್ಲಿ 'ನ್ಯೂ ಫೋಲ್ಡರ್ 3' ಅನ್ನುವುದರ ಹೊಟ್ಟೆಯಲ್ಲಿ ಇಡೀ ಒಂದು ಮದುವೆ. ವಿಂಡೋಸ್ ಆದರೆ ದಿಸ್ ಪಿಸಿ ತೆರೆದು, ಮೇಲಿನ ಹುಡುಕುವ ಜಾಗದಲ್ಲಿ ಸ್ಟಾರ್ ಗುರುತು, ಚುಕ್ಕಿ, ಜೆಪಿಜಿ, ಇಷ್ಟನ್ನು ಇಂಗ್ಲಿಷ್ ಕೀಲಿಗಳಲ್ಲಿ ಒತ್ತಿ ಬಿಟ್ಟುಬಿಡಿ. ಅದು ನಿಧಾನಕ್ಕೆ ಹುಡುಕುತ್ತಾ ಹೋಗುತ್ತದೆ. ಬಂದ ಪಟ್ಟಿಯಲ್ಲಿ ಫೋಟೋ ನೋಡಬೇಡಿ, ಅದು ಯಾವ ಫೋಲ್ಡರಿನಲ್ಲಿದೆ ಅನ್ನುವುದನ್ನು ನೋಡಿ. ಆ ಫೋಲ್ಡರುಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮುಂದಿನ ಕೆಲಸಕ್ಕೆಲ್ಲ ಈ ಚೀಟಿಯೇ ಆಧಾರ.

ಜೆಪಿಜಿ ಒಂದೇ ಸಾಲದು. ಐಫೋನಿನ ಫೋಟೋಗಳು 2017ರಿಂದ ಈಚೆಗೆ ಹೆಚ್ಚಾಗಿ ಎಚ್‌ಇಐಸಿ ರೂಪದಲ್ಲಿರುತ್ತವೆ. ದೊಡ್ಡ ಕ್ಯಾಮೆರಾ ಇಟ್ಟುಕೊಂಡವರ ಬಳಿ ರಾ ಫೈಲುಗಳು, ಅಂದರೆ ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ಮೂಲ ಚಿತ್ರಗಳು ಇರುತ್ತವೆ. ಕ್ಯಾನನ್ ಆದರೆ ಸಿಆರ್2 ಅಥವಾ ಸಿಆರ್3, ನಿಕಾನ್ ಆದರೆ ಎನ್‌ಇಎಫ್, ಸೋನಿ ಆದರೆ ಎಆರ್‌ಡಬ್ಲ್ಯೂ. ವಿಡಿಯೋಗಳಿಗೆ ಎಂಪಿ4 ಮತ್ತು ಎಂಒವಿ. ಇವನ್ನೂ ಒಂದೊಂದಾಗಿ ಹುಡುಕಿ. ಒಂದೇ ಕಂಪ್ಯೂಟರನ್ನು ಮನೆಯಲ್ಲಿ ಇಬ್ಬರು ಬೇರೆ ಬೇರೆ ಲಾಗಿನ್ ಮಾಡಿ ಬಳಸುತ್ತಿದ್ದರೆ, ಸಿ ಡ್ರೈವ್‌ನ ಯೂಸರ್ಸ್ ಫೋಲ್ಡರಿನಲ್ಲಿ ಇನ್ನೊಬ್ಬರ ಹೆಸರಿನಡಿ ಪ್ರತ್ಯೇಕ ಪಿಕ್ಚರ್ಸ್ ಇರುತ್ತದೆ. ಅದನ್ನು ಮರೆಯಬೇಡಿ.

ಇನ್ನೊಂದು ತೊಡಕು, ಮೋಡದ ಗುರುತು. ಒನ್‌ಡ್ರೈವ್ ಬಳಸುವ ವಿಂಡೋಸ್ ಕಂಪ್ಯೂಟರಿನಲ್ಲಿ ಫೈಲಿನ ಪಕ್ಕ ನೀಲಿ ಗೆರೆಯ ಸಣ್ಣ ಮೋಡ ಕಂಡರೆ, ಆ ಫೋಟೋ ಕಂಪ್ಯೂಟರಿನಲ್ಲಿ ಇಲ್ಲ. ಬರೀ ಹೆಸರು ಇದೆ, ಚಿತ್ರ ಇಂಟರ್ನೆಟ್ಟಿನ ಆಚೆ ಇದೆ. ಫೋಲ್ಡರಿನ ಮೇಲೆ ಬಲ ಕ್ಲಿಕ್ ಮಾಡಿ 'ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್' ಅಂತ ಕೊಟ್ಟು, ಮೋಡಗಳೆಲ್ಲ ಹಸಿರು ಟಿಕ್ ಆಗುವವರೆಗೆ ಕಾಯಿರಿ. ಮ್ಯಾಕ್‌ನ ಫೋಟೋಸ್ ಆ್ಯಪ್‌ನಲ್ಲೂ ಇದೇ ಕಥೆ. ಸೆಟ್ಟಿಂಗ್ಸ್‌ನಲ್ಲಿ 'ಆಪ್ಟಿಮೈಸ್ ಮ್ಯಾಕ್ ಸ್ಟೋರೇಜ್' ಆನ್ ಆಗಿದ್ದರೆ ಕೆಲವು ಫೋಟೋಗಳ ಅಸಲಿ ಪ್ರತಿ ಐಕ್ಲೌಡ್‌ನಲ್ಲಿ ಮಾತ್ರ ಇರಬಹುದು. 'ಡೌನ್‌ಲೋಡ್ ಒರಿಜಿನಲ್ಸ್' ಆರಿಸಿ, ಇಳಿದು ಮುಗಿದ ಮೇಲೆ ಮುಂದುವರಿಯಿರಿ.

ಡ್ರೈವ್ ಯಾವುದು

ಚೀಟಿಯಲ್ಲಿರುವ ಫೋಲ್ಡರುಗಳ ಒಟ್ಟು ಗಾತ್ರ ನೋಡಿ, ಅದರ ಒಂದೂವರೆಪಟ್ಟಾದರೂ ಜಾಗ ಇರುವ ಡ್ರೈವ್ ಇಟ್ಟುಕೊಳ್ಳಿ. 1 ಟಿಬಿ ಡ್ರೈವ್ ವಿಂಡೋಸ್‌ನಲ್ಲಿ 931 ಜಿಬಿ ಅಂತ ಕಂಡರೆ ಗಾಬರಿ ಬೇಡ, ಮೋಸ ಆಗಿಲ್ಲ. ತಯಾರಿಸುವವರು 1000ದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ.

ನಿಜವಾದ ಮೋಸ ಬೇರೆ ಇದೆ. ನಂಬಲಾಗದಷ್ಟು ಅಗ್ಗಕ್ಕೆ ಸಿಗುವ 2 ಟಿಬಿ ಪೆನ್‌ಡ್ರೈವ್‌ಗಳ ಒಳಗೆ ಎಷ್ಟೋ ಸಲ ಇರುವುದು 32 ಜಿಬಿಯೋ 64 ಜಿಬಿಯೋ. ಕಂಪ್ಯೂಟರಿಗೆ ಮಾತ್ರ 2 ಟಿಬಿ ಅಂತ ಸುಳ್ಳು ಹೇಳುವ ಹಾಗೆ ಮಾಡಿರುತ್ತಾರೆ. ಜಾಗ ಮುಗಿದ ಮೇಲೂ ಅದು ಎರರ್ ಕೊಡದೆ ಬರೆಯುತ್ತಲೇ ಹೋಗುತ್ತದೆ, ಅಂದರೆ ಬರೆದ ಹಾಗೆ ನಟಿಸುತ್ತದೆ. ಫೈಲಿನ ಹೆಸರುಗಳೆಲ್ಲ ಕಾಣುತ್ತವೆ, ತೆರೆದರೆ ಏನೂ ಇಲ್ಲ. ಡ್ರೈವ್ ಎಲ್ಲಿಂದ ಬಂತು ಅಂತ ಅನುಮಾನ ಇದ್ದರೆ ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್‌ನಲ್ಲಿ ಎಫ್3 ಅನ್ನುವ ಉಚಿತ ತಂತ್ರಾಂಶ ಓಡಿಸಿ. ಡ್ರೈವ್ ತುಂಬುವಷ್ಟು ಬರೆದು, ಮತ್ತೆ ಓದಿ, ನಿಜ ಹೇಳುತ್ತವೆ. ಹೊತ್ತು ಹಿಡಿಯುತ್ತದೆ, ರಾತ್ರಿ ಹಚ್ಚಿ ಮಲಗಿ.

ಫಾರ್ಮ್ಯಾಟ್, ಅಂದರೆ ಡ್ರೈವ್ ಒಳಗೆ ಫೈಲುಗಳನ್ನು ಜೋಡಿಸಿಡುವ ಪದ್ಧತಿಯ ವಿಷಯಕ್ಕೆ ಬಂದರೆ ನನ್ನ ಆಯ್ಕೆ ಎಕ್ಸ್‌ಫ್ಯಾಟ್. ವಿಂಡೋಸ್, ಮ್ಯಾಕ್ ಎರಡರಲ್ಲೂ ಓದುವುದು ಬರೆಯುವುದು ಎರಡೂ ಆಗುತ್ತದೆ, ಈಗಿನ ಲಿನಕ್ಸ್‌ನಲ್ಲೂ ಆಗುತ್ತದೆ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಡ್ರೈವನ್ನು ಮ್ಯಾಕ್ ಓದುತ್ತದೆ, ಆದರೆ ಬೇರೆ ತಂತ್ರಾಂಶ ಹಾಕದೆ ಅದರ ಮೇಲೆ ಬರೆಯುವುದಿಲ್ಲ. ಮ್ಯಾಕ್‌ನ ಎಪಿಎಫ್‌ಎಸ್ ಅನ್ನು ವಿಂಡೋಸ್ ತನ್ನಷ್ಟಕ್ಕೆ ಓದುವುದೇ ಇಲ್ಲ. ಹಳೇ ಫ್ಯಾಟ್32ರಲ್ಲಿ ಒಂದು ಫೈಲು 4 ಜಿಬಿ ಮುಟ್ಟುವ ಹಾಗಿಲ್ಲ. ಫೋಟೋಗೆ ಅದೇನೂ ತೊಂದರೆಯಲ್ಲ, ಉದ್ದನೆಯ ವಿಡಿಯೋ ಬಂದಾಗ ಕಾಪಿ ನಿಂತುಬಿಡುತ್ತದೆ. ಎರಡೂ ಕಡೆ ವಿಂಡೋಸೇ ಆದರೆ ಎನ್‌ಟಿಎಫ್‌ಎಸ್ ಇದ್ದರೂ ಬದಲಾಯಿಸಬೇಡಿ, ಸುಮ್ನೆ ಕೆಲಸ. ಫಾರ್ಮ್ಯಾಟ್ ಮಾಡಿದರೆ ಡ್ರೈವ್‌ನಲ್ಲಿ ಮುಂಚೆ ಇದ್ದದ್ದೆಲ್ಲ ಹೋಗುತ್ತದೆ. ಗೊತ್ತಿರುವ ಮಾತೇ, ಆದರೂ ಡ್ರೈವ್ ಖಾಲಿಯಾ ಅಂತ ಒಮ್ಮೆ ತೆರೆದು ನೋಡಿ.

ಕಾಪಿ

ಲ್ಯಾಪ್‌ಟಾಪನ್ನು ಚಾರ್ಜರಿಗೆ ಹಾಕಿ. ಸ್ಲೀಪ್ ಆಫ್ ಮಾಡಿ. ಡ್ರೈವನ್ನು ಹಬ್‌ಗೆ ಚುಚ್ಚದೆ ನೇರವಾಗಿ ಕಂಪ್ಯೂಟರಿಗೆ ಚುಚ್ಚಿ. ಪೋರ್ಟಿನ ಒಳಗೆ ನೀಲಿ ಬಣ್ಣ ಇದ್ದರೆ ಸಾಮಾನ್ಯವಾಗಿ ಅದು ಯುಎಸ್‌ಬಿ 3, ಅದನ್ನೇ ಬಳಸಿ. ಯುಎಸ್‌ಬಿ 2 ಪೋರ್ಟಿನಲ್ಲಿ ಸೆಕೆಂಡಿಗೆ 30ರಿಂದ 40 ಎಂಬಿ ಸಿಕ್ಕರೆ ಹೆಚ್ಚು. ತಿರುಗುವ ತಟ್ಟೆಯ ಹಾರ್ಡ್‌ಡಿಸ್ಕ್ ಆದರೆ ಓಡುತ್ತಿರುವಾಗ ಎತ್ತಬೇಡಿ, ಅಲುಗಿಸಬೇಡಿ. ಮೇಜಿನ ಅಂಚಿನಲ್ಲಿ ಇಡುವುದಂತೂ ಬೇಡವೇ ಬೇಡ.

ಡ್ರೈವ್‌ನಲ್ಲಿ ಒಂದು ಹೊಸ ಫೋಲ್ಡರ್ ಮಾಡಿ, 'ಅಪ್ಪನ ಹಳೇ ಲ್ಯಾಪ್‌ಟಾಪ್' ಅಂತ ಹೆಸರಿಡಿ. ಕನ್ನಡದಲ್ಲೇ ಇಡಬಹುದು, ಏನೂ ಆಗುವುದಿಲ್ಲ. ಅದರೊಳಗೆ 'ಡೆಸ್ಕ್‌ಟಾಪ್‌ನಿಂದ', 'ಡಿ ಡ್ರೈವ್‌ನಿಂದ' ಅಂತ ಎಲ್ಲಿಂದ ಬಂತೋ ಆ ಹೆಸರಿನ ಫೋಲ್ಡರುಗಳು. ಈ ಹಂತದಲ್ಲಿ ವರ್ಷವಾರು ಜೋಡಿಸುವ ಹುಮ್ಮಸ್ಸು ಬೇಡ. ಮನೆ ಬದಲಾಯಿಸುವ ದಿನ ಯಾರಾದರೂ ಹಳೇ ಪತ್ರ ಓದುತ್ತಾ ಕೂರುತ್ತಾರಾ? ಇದ್ದದ್ದು ಇದ್ದ ಹಾಗೇ ಹೋಗಲಿ, ಜೋಡಿಸುವುದು ಹೊಸ ಕಂಪ್ಯೂಟರಿನಲ್ಲಿ.

ಕಂಟ್ರೋಲ್ ಸಿ, ಕಂಟ್ರೋಲ್ ವಿ. ಕಂಟ್ರೋಲ್ ಎಕ್ಸ್ ಕಡೆ ಬೆರಳೇ ಹೋಗಬಾರದು. ಕಟ್ ಮಾಡಿದರೆ ಹಳೇ ಜಾಗದಿಂದ ಫೈಲುಗಳು ಒಂದೊಂದಾಗಿ ಖಾಲಿಯಾಗುತ್ತಾ ಬರುತ್ತವೆ. ನಡುವೆ ವೈರ್ ಸಡಿಲವಾದರೆ ಅರ್ಧ ಇಲ್ಲಿ, ಅರ್ಧ ಅಲ್ಲಿ. ಆಮೇಲೆ ಚೀಟಿ ಹಿಡಿದು ಏನು ಪ್ರಯೋಜನ? ಕಾಪಿಯಲ್ಲಾದರೆ ಏನೇ ಕೆಟ್ಟರೂ ಹಳೇದು ಹಾಗೇ ಇರುತ್ತದೆ, ಡ್ರೈವ್‌ನಲ್ಲಿ ಬಂದದ್ದನ್ನು ಅಳಿಸಿ ಮತ್ತೆ ಶುರು ಮಾಡಬಹುದು.

ಫೋಲ್ಡರನ್ನೇ ಹಿಡಿದು ಕಾಪಿ ಮಾಡಿ. ಫೋಲ್ಡರ್ ತೆರೆದು, ಒಳಗಿನದೆಲ್ಲ ಆರಿಸಿ ಕಾಪಿ ಮಾಡಿದರೆ ಕಣ್ಣಿಗೆ ಕಾಣುವ ಫೈಲುಗಳು ಮಾತ್ರ ಬರುತ್ತವೆ. ಅಡಗಿಸಿಟ್ಟ ಫೈಲುಗಳು ಅಲ್ಲೇ ಉಳಿಯುತ್ತವೆ. ಅಡಗಿದ್ದರಲ್ಲಿ ಏನಿರುತ್ತದೆ ಅನ್ನುತ್ತೀರಾ? ನಮ್ಮ ಚಿಕ್ಕಪ್ಪ ವರ್ಷಗಟ್ಟಲೆ ಪಿಕಾಸಾ ಅನ್ನುವ ಫೋಟೋ ತಂತ್ರಾಂಶ ಬಳಸಿದವರು. ಗೂಗಲ್ ಅದನ್ನು 2016ರಲ್ಲಿ ನಿಲ್ಲಿಸಿದ ಮೇಲೂ ಬಿಡಲಿಲ್ಲ. ಪಿಕಾಸಾದಲ್ಲಿ ಮಾಡಿದ ತಿದ್ದುಪಡಿಯ ವಿವರ ಪ್ರತಿ ಫೋಲ್ಡರಿನಲ್ಲೂ ಅಡಗಿರುವ ಒಂದು ಚಿಕ್ಕ ಐಎನ್‌ಐ ಫೈಲಿನಲ್ಲಿರುತ್ತದೆ. ತಿದ್ದಿ ಸೇವ್ ಮಾಡಿದ ಫೋಟೋಗಳ ಮೂಲ ಪ್ರತಿಯನ್ನು ಅದು 'ಪಿಕಾಸಾ ಒರಿಜಿನಲ್ಸ್' ಅನ್ನುವ ಅಡಗಿದ ಫೋಲ್ಡರಿನಲ್ಲಿ ಇಟ್ಟಿರುತ್ತದೆ. ಚಿಕ್ಕಪ್ಪ ಕೆಂಪು ಕಣ್ಣು ತೆಗೆದು, ಅಂಚು ಕತ್ತರಿಸಿ, ಎಲ್ಲರನ್ನೂ ಬೆಳ್ಳಗೆ ಮಾಡಿಟ್ಟಿದ್ದ ಫೋಟೋಗಳ ಅಸಲಿ ಮುಖ ಇದ್ದದ್ದು ಅಲ್ಲೇ. ಇಡೀ ಫೋಲ್ಡರ್ ಎತ್ತಿದ್ದರಿಂದ ಅವೂ ಜೊತೆಗೆ ಬಂದವು. ಲೈಟ್‌ರೂಮ್ ಕ್ಲಾಸಿಕ್ ಅನ್ನುವ ಫೋಟೋ ತಿದ್ದುವ ತಂತ್ರಾಂಶ ಬಳಸುವವರು ಫೋಟೋ ಜೊತೆ ಕ್ಯಾಟಲಾಗ್ ಫೈಲನ್ನೂ ಒಯ್ಯಬೇಕು, ಎಡಿಟ್‌ಗಳೆಲ್ಲ ಇರುವುದು ಅದರಲ್ಲಿ. ರಾ ಫೈಲಿನ ಪಕ್ಕ ಅದೇ ಹೆಸರಿನ ಎಕ್ಸ್‌ಎಂಪಿ ಫೈಲ್ ಕಂಡರೆ ಕಸ ಅಂತ ಬಿಡಬೇಡಿ, ಅದೂ ಎಡಿಟ್‌ನದ್ದೇ.

ಮ್ಯಾಕ್‌ನ ಫೋಟೋಸ್ ಲೈಬ್ರರಿ ಹೊರಗಿನಿಂದ ಒಂದೇ ಫೈಲಿನ ಹಾಗೆ ಕಾಣುತ್ತದೆ, ಒಳಗೆ ಒಂದು ಊರೇ ಇರುತ್ತದೆ. ಹೊಸದೂ ಮ್ಯಾಕ್ ಆದರೆ ಫೋಟೋಸ್ ಆ್ಯಪ್ ಮುಚ್ಚಿ, ಮ್ಯಾಕ್‌ನದೇ ಫಾರ್ಮ್ಯಾಟ್ ಇರುವ ಡ್ರೈವ್‌ಗೆ ಆ ಲೈಬ್ರರಿಯನ್ನು ಇಡಿಯಾಗಿ ಎಳೆದು ಹಾಕಿ. ಅದಕ್ಕೆ ಎಕ್ಸ್‌ಫ್ಯಾಟ್ ಬೇಡ. ಹೊಸದು ವಿಂಡೋಸ್ ಆದರೆ ಲೈಬ್ರರಿ ಒಯ್ದು ಉಪಯೋಗವಿಲ್ಲ. ಆ್ಯಪ್‌ನ ಒಳಗಿಂದ 'ಎಕ್ಸ್‌ಪೋರ್ಟ್ ಅನ್‌ಮಾಡಿಫೈಡ್ ಒರಿಜಿನಲ್' ಕೊಟ್ಟು ಎಕ್ಸ್‌ಫ್ಯಾಟ್ ಡ್ರೈವ್‌ಗೆ ಹೊರತೆಗೆಯಿರಿ. ನೀವು ತಿದ್ದಿದ ರೂಪವೂ ಬೇಕಿದ್ದರೆ ಅದನ್ನು ಪ್ರತ್ಯೇಕವಾಗಿ ಎಕ್ಸ್‌ಪೋರ್ಟ್ ಮಾಡಬೇಕು.

ಆ ಪ್ರಶ್ನೆ ಬಂದಾಗ

ಕಾಪಿ ನಡುವೆ ವಿಂಡೋಸ್ ನಿಂತು ಒಂದು ಪೆಟ್ಟಿಗೆ ತೋರಿಸಬಹುದು: ಇದೇ ಹೆಸರಿನ ಫೈಲ್ ಅಲ್ಲಿ ಆಗಲೇ ಇದೆ, ರಿಪ್ಲೇಸ್ ಮಾಡಲಾ, ಸ್ಕಿಪ್ ಮಾಡಲಾ, ಹೋಲಿಸಿ ನೋಡುತ್ತೀರಾ ಅಂತ. ಇಲ್ಲಿ ಕೈ ತಡೆಯಿರಿ. ನೂರಾರು ಫೋಟೋ ಸದ್ದಿಲ್ಲದೆ ಕಳೆದುಹೋಗುವ ಜಾಗ ಇದೇ.

ಕ್ಯಾಮೆರಾಗಳು ಫೋಟೋಗೆ ನಾಲ್ಕು ಅಕ್ಷರ, ನಾಲ್ಕು ಅಂಕಿ ಸೇರಿಸಿ ಹೆಸರಿಡುತ್ತವೆ. ಅಂಕಿ 0001ರಿಂದ 9999ರವರೆಗೆ ಹೋಗಿ ಮತ್ತೆ 0001ಕ್ಕೆ ಬರುತ್ತದೆ. ಕಾರ್ಡ್ ಬದಲಾಯಿಸಿದಾಗೆಲ್ಲ ಒಂದರಿಂದ ಶುರು ಮಾಡುವ ಹಾಗೆ ಸೆಟ್ ಆಗಿರುವ ಕ್ಯಾಮೆರಾಗಳೂ ಇವೆ. ಮನೆಯಲ್ಲಿ ಒಂದೇ ಕಂಪನಿಯ ಎರಡು ಕ್ಯಾಮೆರಾ ಇದ್ದರಂತೂ ಮುಗಿಯಿತು. ಅಂದರೆ 'ಐಎಂಜಿ 0412' ಅನ್ನುವುದು ಅಜ್ಜಿಯ ಫೋಟೋ ಕೂಡ ಹೌದು, ಮೂರು ವರ್ಷ ಆದ ಮೇಲೆ ತೆಗೆದ ಜಲಪಾತ ಕೂಡ ಹೌದು. ರಿಪ್ಲೇಸ್ ಒತ್ತಿದರೆ ಅಜ್ಜಿ ಹೋಗುತ್ತಾರೆ, ಸ್ಕಿಪ್ ಒತ್ತಿದರೆ ಜಲಪಾತ ಬರುವುದಿಲ್ಲ. 'ಎಲ್ಲದಕ್ಕೂ ಹೀಗೇ ಮಾಡು' ಅಂತ ಟಿಕ್ ಹಾಕಿದರೆ ಏನೇನು ಹೋಯಿತು ಅಂತ ಲೆಕ್ಕವೂ ಸಿಗುವುದಿಲ್ಲ.

ನಾನು ಮಾಡುವುದು ಇಷ್ಟೇ. ಕ್ಯಾನ್ಸಲ್ ಒತ್ತುತ್ತೇನೆ, ಹೊಸ ಫೋಲ್ಡರ್ ಮಾಡುತ್ತೇನೆ, ಅಲ್ಲಿಗೆ ಕಾಪಿ ಮಾಡುತ್ತೇನೆ. ಮೊದಲೇ ಹೇಳಿದ ಹಾಗೆ ಒಂದೊಂದು ಮೂಲಕ್ಕೂ ಒಂದೊಂದು ಫೋಲ್ಡರ್ ಮಾಡಿಕೊಂಡಿದ್ದರೆ ಈ ಪೆಟ್ಟಿಗೆ ಬರುವುದೇ ಇಲ್ಲ. ಒಂದೇ ಫೋಟೋ ಎರಡು ಕಡೆ ಬಂದರೆ ಬರಲಿ ಬಿಡಿ, ಜಾಗ ತಾನೇ ಹೋಗುವುದು.

'ಹೆಸರು ತುಂಬಾ ಉದ್ದ' ಅಂತ ದೂರು ಬಂದರೆ ಫೋಲ್ಡರಿನೊಳಗೆ ಫೋಲ್ಡರ್ ಸೇರಿ ದಾರಿ 260 ಅಕ್ಷರ ದಾಟಿದೆ ಅಂತ ಅರ್ಥ. ಮೇಲಿನ ಫೋಲ್ಡರುಗಳ ಹೆಸರನ್ನು ಚಿಕ್ಕದು ಮಾಡಿ. ಫೋಟೋ ಹೆಸರು ಮುಟ್ಟಬೇಡಿ. ವಾಟ್ಸಾಪ್ ಫೋಟೋಗಳಿಗಂತೂ ಹೆಸರಿನಲ್ಲೇ ದಿನಾಂಕ ಇರುತ್ತದೆ, ಬೇರೆಲ್ಲೂ ಸರಿಯಾಗಿ ಇರುವುದಿಲ್ಲ.

ಎಣಿಸುವುದು

ಕಾಪಿ ಮುಗಿಯಿತು, ಹಸಿರು ಪಟ್ಟಿ ಮಾಯವಾಯಿತು. ಈಗ ಡ್ರೈವನ್ನು ಇಜೆಕ್ಟ್ ಮಾಡಿ ತೆಗೆಯಿರಿ, ಮತ್ತೆ ಚುಚ್ಚಿ. ಸುಮ್ನೆ ಅಲ್ಲ. ಆಗಷ್ಟೇ ಬರೆದದ್ದನ್ನು ಕೂಡಲೇ ತೆರೆದರೆ ಕಂಪ್ಯೂಟರ್ ಅದನ್ನು ತನ್ನ ಮೆಮೊರಿಯಿಂದಲೇ ತೋರಿಸಬಹುದು. ಡ್ರೈವ್‌ನಲ್ಲಿ ನಿಜವಾಗಿ ಏನು ಕೂತಿದೆ ಅಂತ ತಿಳಿಯಬೇಕಾದರೆ ಒಮ್ಮೆ ತೆಗೆದು ಹಾಕಬೇಕು. ಇಜೆಕ್ಟ್ ಮಾಡುವಾಗ 'ಬಳಕೆಯಲ್ಲಿದೆ' ಅಂತ ಹಟ ಹಿಡಿದರೆ ಫೋಟೋ ತೋರಿಸುವ ಆ್ಯಪ್‌ಗಳನ್ನು ಮುಚ್ಚಿ ನೋಡಿ. ಆಗಲೂ ಒಪ್ಪದಿದ್ದರೆ ಕಂಪ್ಯೂಟರ್ ಶಟ್‌ಡೌನ್ ಮಾಡಿ ತೆಗೆಯಿರಿ.

ಆಮೇಲೆ ಹಳೇ ಫೋಲ್ಡರಿನ ಮೇಲೊಂದು, ಡ್ರೈವ್‌ನಲ್ಲಿರುವ ಅದರ ಪ್ರತಿಯ ಮೇಲೊಂದು ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್ ತೆರೆದು ಎರಡು ಕಿಟಕಿಯನ್ನೂ ಅಕ್ಕಪಕ್ಕ ಇಡಿ. ಮೂರು ವಿಷಯ ಕಾಣುತ್ತದೆ: ಸೈಜ್, ಸೈಜ್ ಆನ್ ಡಿಸ್ಕ್, ಎಷ್ಟು ಫೈಲು ಎಷ್ಟು ಫೋಲ್ಡರ್ ಅನ್ನುವ ಸಾಲು. ಫೈಲುಗಳ ಸಂಖ್ಯೆ ಒಂದೇ ಇರಬೇಕು. ಸೈಜ್ ಸಾಲಿನಲ್ಲಿ ಬ್ರಾಕೆಟ್ ಒಳಗಿರುವ ಬೈಟ್‌ಗಳ ಉದ್ದನೆಯ ಸಂಖ್ಯೆಯೂ ಕೊನೆಯ ಅಂಕಿಯವರೆಗೆ ಒಂದೇ ಇರಬೇಕು. ಸೈಜ್ ಆನ್ ಡಿಸ್ಕ್ ಬೇರೆ ಬೇರೆ ಇದ್ದೇ ಇರುತ್ತದೆ, ಅದನ್ನು ನೋಡಿ ಹೆದರುವವರು ತುಂಬಾ ಜನ. ಎಕ್ಸ್‌ಫ್ಯಾಟ್ ದೊಡ್ಡ ಡ್ರೈವ್‌ನಲ್ಲಿ ಜಾಗವನ್ನು ಸಾಮಾನ್ಯವಾಗಿ 128 ಕೆಬಿಯ ತುಂಡುಗಳಾಗಿ ಹಂಚುತ್ತದೆ. 20 ಕೆಬಿಯ ಚಿಕ್ಕ ಫೈಲ್ ಬಂದರೂ ಒಂದು ತುಂಡು ಪೂರ್ತಿ ಅದಕ್ಕೇ. ಚಿಕ್ಕ ಫೈಲು ಜಾಸ್ತಿ ಇದ್ದಷ್ಟೂ ಈ ವ್ಯತ್ಯಾಸ ಜಾಸ್ತಿ. ಮ್ಯಾಕ್ ಮತ್ತು ವಿಂಡೋಸ್ ನಡುವೆ ಹೋಲಿಸುವಾಗಲೂ ಜಿಬಿ ನೋಡಬೇಡಿ, ಬೈಟ್ ನೋಡಿ. ಮ್ಯಾಕ್‌ನಲ್ಲಿ 200 ಜಿಬಿ ಅಂತ ಕಂಡದ್ದು ವಿಂಡೋಸ್‌ನಲ್ಲಿ 186 ಜಿಬಿ ಅಂತ ಕಾಣುತ್ತದೆ. ಕಾರಣ ಅದೇ, 1000 ಮತ್ತು 1024ರ ಜಗಳ.

ಚೀಟಿ ಇದೆಯಲ್ಲ, ಒಂದೊಂದು ಫೋಲ್ಡರ್ ಸರಿಹೋದಾಗಲೂ ಅದರ ಮುಂದೆ ಟಿಕ್ ಹಾಕಿ, ಪಕ್ಕದಲ್ಲಿ ಫೈಲುಗಳ ಸಂಖ್ಯೆ ಬರೆಯಿರಿ. ಹೊಸ ಕಂಪ್ಯೂಟರಿನಲ್ಲಿ ಅದೇ ಸಂಖ್ಯೆ ಮತ್ತೆ ಬೇಕು.

ಇನ್ನೂ ಗಟ್ಟಿಯಾಗಿ ಪರೀಕ್ಷೆ ಮಾಡಬೇಕು ಅನ್ನಿಸಿದರೆ ಟೆರಾಕಾಪಿ ಥರದ ತಂತ್ರಾಂಶದಲ್ಲಿ ವೆರಿಫೈ ಆಯ್ಕೆ ಇದೆ. ಪ್ರತಿ ಫೈಲಿನ ಎರಡೂ ಪ್ರತಿಗಳನ್ನು ಓದಿ ಒಂದೇನಾ ಅಂತ ಹೇಳುತ್ತದೆ. ಮದುವೆ ಫೋಟೋ ತೆಗೆಯುವುದೇ ವೃತ್ತಿ ಆದವರಿಗೆ ಇದು ಬೇಕೇ ಬೇಕು. ಮನೆಮಟ್ಟಿಗೆ ನಾನು ಎಣಿಕೆ ಮಾಡಿ, ಅಲ್ಲಲ್ಲಿ ತೆರೆದು ನೋಡುತ್ತೇನೆ. ಥಂಬ್‌ನೇಲ್ ನೋಡಿ ಸಮಾಧಾನ ಪಡಬೇಡಿ. ಆ ಸಣ್ಣ ಚಿತ್ರ ಸಾಮಾನ್ಯವಾಗಿ ಫೈಲಿನ ಶುರುವಿನಲ್ಲೇ ಕೂತಿರುತ್ತದೆ. ಆದ್ದರಿಂದ ಫೈಲು ನಡುವೆ ಕೆಟ್ಟಿದ್ದರೂ ಥಂಬ್‌ನೇಲ್ ಚೆನ್ನಾಗೇ ಕಾಣಬಹುದು. ಪೂರ್ತಿ ತೆರೆದಾಗ ಮಾತ್ರ ಕೆಳಗಿನ ಅರ್ಧ ಬೂದಿ ಬಣ್ಣ ಇರುವುದು ಗೊತ್ತಾಗುತ್ತದೆ. ಪ್ರತಿ ಫೋಲ್ಡರಿನಲ್ಲೂ ಮೊದಲಿನದೊಂದು, ನಡುವಿನದೊಂದು, ಕೊನೆಯದೊಂದು ಪೂರ್ತಿ ತೆರೆಯಿರಿ. ವಿಡಿಯೋ ಆದರೆ ಕೊನೆಗೆ ಎಳೆದು ಓಡಿಸಿ ನೋಡಿ.

ಹೊಸ ಕಂಪ್ಯೂಟರಿನಲ್ಲಿ

ಡ್ರೈವ್ ಚುಚ್ಚಿ, ಇಡೀ ಫೋಲ್ಡರನ್ನು ಒಳಗಿನ ಡಿಸ್ಕಿಗೆ ಕಾಪಿ ಮಾಡಿ, ಚೀಟಿ ಹಿಡಿದು ಮತ್ತೆ ಎಣಿಸಿ. ಡ್ರೈವ್‌ನಿಂದಲೇ ತೆರೆದು ನೋಡಿಕೊಂಡು "ಬಂತು" ಅಂದುಕೊಳ್ಳುವವರಿದ್ದಾರೆ. ಡ್ರೈವ್ ತೆಗೆದ ಕೂಡಲೇ ಆಲ್ಬಂ ಖಾಲಿ.

ಮ್ಯಾಕ್‌ನಿಂದ ಎಕ್ಸ್‌ಫ್ಯಾಟ್ ಮೂಲಕ ವಿಂಡೋಸ್‌ಗೆ ಬಂದವರಿಗೆ ಒಂದು ವಿಚಿತ್ರ ಕಾಣಿಸಬಹುದು. ಒಂದೊಂದು ಫೋಟೋ ಜೊತೆ ಅದೇ ಹೆಸರಿನ ಮುಂದೆ ಚುಕ್ಕಿ, ಅಡಿಗೆರೆ ಇರುವ ಇನ್ನೊಂದು ಫೈಲು, ಗಾತ್ರ ಸಾಮಾನ್ಯವಾಗಿ 4 ಕೆಬಿ. ತೆರೆದರೆ ತೆರೆಯುವುದಿಲ್ಲ. ಫೋಟೋ ಎಲ್ಲಾ ಕೆಟ್ಟುಹೋಯಿತು ಅಂತ ನಮ್ಮ ಅತ್ತಿಗೆ ಅಳುವುದೊಂದು ಬಾಕಿ. ಅವು ಫೋಟೋಗಳೇ ಅಲ್ಲ. ಮ್ಯಾಕ್ ತನ್ನ ಟಿಪ್ಪಣಿಗಳನ್ನು ಇಡಲು ಮಾಡಿಕೊಂಡ ಚಿಲ್ಲರೆ ಫೈಲುಗಳು. ಎಣಿಕೆ ಜಾಸ್ತಿ ಬಂದಿದ್ದರೆ ಕಾರಣ ಇವೇ. ಅಸಲಿ ಫೋಟೋ ಪಕ್ಕದಲ್ಲೇ ಇದೆ ಅಂತ ಖಚಿತ ಮಾಡಿಕೊಂಡು, ವಿಂಡೋಸ್ ಕಡೆ ಇವನ್ನು ಅಳಿಸಬಹುದು.

ಎಚ್‌ಇಐಸಿ ತೆರೆಯದಿದ್ದರೆ ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ಎಚ್‌ಇಐಎಫ್ ಇಮೇಜ್ ಎಕ್ಸ್‌ಟೆನ್ಷನ್ಸ್ ಹಾಕಿಕೊಳ್ಳಿ, ಜೊತೆಗೆ ಎಚ್‌ಇವಿಸಿ ಎಕ್ಸ್‌ಟೆನ್ಷನ್ ಕೂಡ ಬೇಕಾಗಬಹುದು. ಅವಸರಕ್ಕೆ ಎಲ್ಲವನ್ನೂ ಜೆಪಿಜಿಗೆ ಬದಲಾಯಿಸಿ ಮೂಲ ಅಳಿಸಬೇಡಿ.

ಇನ್ನು ದಿನಾಂಕ. ಕಾಪಿ ಮಾಡಿದ ಮೇಲೆ ವಿಂಡೋಸ್‌ನಲ್ಲಿ 'ಡೇಟ್ ಕ್ರಿಯೇಟೆಡ್' ಇವತ್ತಿನದಾಗಿರುತ್ತದೆ. ಫೋಟೋ ತೆಗೆದ ದಿನ ಹಾಳಾಗಿಲ್ಲ, ಅದು ಫೈಲಿನ ಒಳಗೇ ಎಕ್ಸಿಫ್ ವಿವರದಲ್ಲಿ ಇರುತ್ತದೆ. ಫೋಲ್ಡರಿನಲ್ಲಿ 'ಡೇಟ್ ಟೇಕನ್' ಅನ್ನುವ ಕಾಲಂ ಹಾಕಿಕೊಂಡು ಅದರ ಮೇಲೆ ಜೋಡಿಸಿ, ಎಲ್ಲಾ ಸಾಲಾಗಿ ಕೂರುತ್ತವೆ. ಸ್ಕ್ಯಾನ್ ಮಾಡಿದ ಹಳೇ ಫೋಟೋಗಳಿಗೆ ಹೆಚ್ಚಾಗಿ ಆ ದಿನ ಇರುವುದಿಲ್ಲ. ಇದ್ದರೂ ಅದು ಸ್ಕ್ಯಾನ್ ಮಾಡಿದ ದಿನ. ಅವನ್ನು ಬೇರೆ ಫೋಲ್ಡರಿನಲ್ಲೇ ಇಡಿ.

ಹಳೇ ಕಂಪ್ಯೂಟರನ್ನು ಒಂದೆರಡು ತಿಂಗಳು ಹಾಗೇ ಇಡಿ. ಇಲ್ಲದ ಫೋಟೋ ನೆನಪಾಗುವುದು ಯಾರದಾದರೂ ಹುಟ್ಟುಹಬ್ಬ ಬಂದಾಗಲೇ. ಡ್ರೈವನ್ನೂ ಖಾಲಿ ಮಾಡಿ ಬೇರೆ ಕೆಲಸಕ್ಕೆ ಹಚ್ಚಬೇಡಿ, ಅದು ಈಗ ನಿಮ್ಮ ಎರಡನೇ ಪ್ರತಿ. ಮೂರನೆಯದೊಂದನ್ನು ಬೇರೆ ಮನೆಯಲ್ಲೋ ಕ್ಲೌಡ್‌ನಲ್ಲೋ ಇಟ್ಟರೆ ಇನ್ನೂ ಒಳ್ಳೆಯದು. ಪೆನ್‌ಡ್ರೈವ್‌ನಲ್ಲಿ ತಂದಿದ್ದರೆ ಮಾತ್ರ ಅದನ್ನೇ ಕಾಯಂ ಪ್ರತಿ ಅಂತ ನಂಬಿ ವರ್ಷಗಟ್ಟಲೆ ಡ್ರಾಯರ್‌ನಲ್ಲಿ ಬಿಡಬೇಡಿ, ಹಾರ್ಡ್‌ಡಿಸ್ಕಿಗೆ ಹಾಕಿ.

ಹಳೇದನ್ನು ಯಾರಿಗಾದರೂ ಕೊಡುವ ದಿನ ಬಂದಾಗ ಫೋಟೋ ಅಳಿಸಿ ರೀಸೈಕಲ್ ಬಿನ್ ಖಾಲಿ ಮಾಡಿದರೆ ಸಾಲದು, ಅವನ್ನು ಮತ್ತೆ ಹೊರತೆಗೆಯುವ ತಂತ್ರಾಂಶಗಳಿವೆ. ಮೊದಲು ಒನ್‌ಡ್ರೈವ್, ಐಕ್ಲೌಡ್ ಲಾಗೌಟ್ ಮಾಡಿ. ಸಿಂಕ್ ಆನ್ ಇದ್ದಾಗ ಇಲ್ಲಿ ಅಳಿಸಿದರೆ ಹೊಸ ಕಂಪ್ಯೂಟರಿನಲ್ಲೂ ಅಳಿಸಿಹೋಗುತ್ತದೆ. ಆಮೇಲೆ ವಿಂಡೋಸ್‌ನ 'ರೀಸೆಟ್ ದಿಸ್ ಪಿಸಿ'ಯಲ್ಲಿ 'ರಿಮೂವ್ ಎವೆರಿಥಿಂಗ್' ಆರಿಸಿ. ಅದರ ಸೆಟ್ಟಿಂಗ್ಸ್ ಒಳಗೆ 'ಕ್ಲೀನ್ ಡೇಟಾ' ಅಂತ ಇದೆ, ಅದನ್ನೂ ಆನ್ ಮಾಡಿ. ಗಂಟೆಗಟ್ಟಲೆ ಹಿಡಿಯುತ್ತದೆ, ಚಾರ್ಜರ್ ಹಾಕಿಟ್ಟು ಬೇರೆ ಕೆಲಸ ನೋಡಿಕೊಳ್ಳಿ.